ಕಿಲುಬು ಹೋದ ಬಿಂದಿಗೆ

ಆನ್‌ಲೈನ್ ಹರಾಜಿನಲ್ಲಿ ಹಳೇ ಪಾತ್ರೆ ಮಾರೋದ್ರಲ್ಲಿ ನನ್ನನ್ನು ಮೀರಿಸೋರಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡಿದ್ದೆ. ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ, ಕಿಲುಬು ಹಿಡಿದ ತಾಮ್ರದ ಬಿಂದಿಗೆಗೆ ಜನ ಮೇಲಿಂದ ಮೇಲೆ ಬೆಲೆ ಏರಿಸಿದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಗೆದ್ದವರು ಇಂದಿರಾನಗರದ ಮೇಡಂ, ನನ್ನ ಮೊದಲ ದೊಡ್ಡ ಗಿರಾಕಿ. ಅಂಥೋರಿಗೆ ಕೊಳಕು ಪಾತ್ರೆ ಕೊಟ್ರೆ ನಮ್ಮ ಹಳ್ಳಿ ಮರ್ಯಾದೆ ಏನಾಗ್ಬೇಕು? ಊರಿಂದ ತಂದ ಹುಣಸೇಹಣ್ಣು ಹಾಕಿ, ಮುಖ ಕಾಣುವ ಹಾಗೆ ತಿಕ್ಕಿ, ನಾನೇ ಹೊತ್ತುಕೊಂಡು ಹೋದೆ.

ಮೇಡಂ ನೋಡಿ, "ಇದ್ಯಾವ್ದು? ಫೋಟೋದಲ್ಲಿದ್ದಿದ್ದು ಎಲ್ರೀ?" ಅಂದರು.

"ಅದೇ ಮೇಡಂ, ನಾನೇ ತೊಳೆದೆ!" ಅಂತ ಎದೆ ಉಬ್ಬಿಸಿದೆ.

"ಅಯ್ಯೋ, ಆ ಹಸಿರು ಬಣ್ಣ ನೋಡೇ ಅಲ್ವೇನ್ರೀ ನಾನು ಅಷ್ಟು ಬೆಲೆ ಕೂಗಿದ್ದು! ಫಳಫಳ ಅನ್ನೋದು ಯಾವ ಅಂಗಡೀಲಾದ್ರೂ ಸಿಗುತ್ತೆ. ಕಿಲುಬು ಮತ್ತೆ ಬಂದ್ರೆ ತನ್ನಿ, ತಗೋತೀನಿ."

ಈಗ ಕೆ.ಆರ್. ಪುರದ ನನ್ನ ರೂಮಿನ ಮುಂದೆ ಬಿಂದಿಗೆ ಇಟ್ಟು, ಕಿಲುಬು ಹಿಡಿಯಲಿ ಅಂತ ದಿನಾ ಉಪ್ಪುನೀರು ಚಿಮುಕಿಸ್ತೀನಿ. ಆದರೆ ಓನರ್ ಆಂಟಿ, "ಪಾಪ, ಒಂಟಿ ಹುಡುಗ, ಪಾತ್ರೆ ತೊಳೆಯೋಕೂ ಬರಲ್ಲ" ಅಂತ ಬೆಳಗಾಗೆದ್ದು ಅದನ್ನ ತಿಕ್ಕಿಟ್ಟಿರ್ತಾರೆ.

ಒಪ್ಪಲೇಬೇಕು, ನನಗಿಂತ ಚೆನ್ನಾಗಿ ತಿಕ್ತಾರೆ.