ನಿರಿಗಿ ಟಮಾಟಿಯ ಬೀಜ

ನಾನು ಸವದತ್ತಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ. ನಮ್ಮ ಮನೆತನಕ್ಕೆ ಹೊಲ ಅಂತ ಎಂದೂ ಇರಲಿಲ್ಲ. ಅಜ್ಜ, ಅಪ್ಪ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿದವರು. ನನಗೆ ನೌಕರಿ ಸಿಕ್ಕ ದಿನ ಅಪ್ಪ, "ಮಣ್ಣಿನ ಉಸಾಬರಿ ಇಲ್ಲಿಗಿ ಮುಗೀತು" ಎಂದು ನಿಟ್ಟುಸಿರು ಬಿಟ್ಟಿದ್ದ. ಮುಂದೆ ಮಗ ಒಂದು ಟಮಾಟಿ ತಳಿಗಾಗಿ ಹದಿನೈದು ವರ್ಷ ಹೆಣಗಿದ್ದನ್ನು ನೋಡಲು ಅವನು ಉಳಿಯಲಿಲ್ಲ. ಉಳಿದಿದ್ದರೆ ಬೈಯುತ್ತಿದ್ದನೋ ನಗುತ್ತಿದ್ದನೋ, ಹೇಳಲಾರೆ.

ಅದು ತೊಂಬತ್ನಾಲ್ಕರ ಸಂಕ್ರಾಂತಿ ಕಳೆದ ವಾರ. ನಮ್ಮ ಡಿಪೋದ ಬಸ್ಸೊಂದು ಸುರೇಬಾನದ ಹೊರಗೆ ಕೆಟ್ಟು ನಿಂತಿತ್ತು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ಸುಟ್ಟುಹೋಗಿತ್ತು. ಹೊಸದನ್ನು ತರಲು ಡ್ರೈವರ್ ಹೋದ, ಬಸ್ಸು ಕಾಯಲು ನಾನು ಉಳಿದೆ. ಮಧ್ಯಾಹ್ನ ಪಕ್ಕದ ಹೊಲದ ರೈತ ಕರೆದ.

"ಒಬ್ರ ಎಷ್ಟೊತ್ತು ಕುಂದರ್ತೀರಿ ಮಿಸ್ತ್ರಿ? ಬರ್ರಿ, ರೊಟ್ಟಿ ತಿನ್ರಿ."

ಅವನು ಗಿಡದಿಂದ ಆಗಷ್ಟೇ ಕಿತ್ತ ಟಮಾಟಿಯನ್ನು ಕೈಯಲ್ಲೇ ಹಿಚುಕಿ, ಉಳ್ಳಾಗಡ್ಡಿ, ಖಾರಪುಡಿ, ಉಪ್ಪು, ಹಸಿ ಎಣ್ಣೆ ಹಾಕಿ ರೊಟ್ಟಿಯ ಮೇಲೆ ಇಟ್ಟ. ನಾಲಿಗೆಗೆ ಮೊದಲು ಹುಳಿ ತಾಗಿತು, ಅದರ ಹಿಂದೆಯೇ ಸಿಹಿ ಬಂತು. ಸಂತೆಯಲ್ಲಿ ಕೊಂಡ ಯಾವ ಟಮಾಟಿಯಲ್ಲೂ ಆ ರುಚಿ ನೋಡಿರಲಿಲ್ಲ. ಹಣ್ಣು ಚಪ್ಪಟೆ, ತೊಟ್ಟಿನ ಸುತ್ತ ಹಸಿರು, ಮೈತುಂಬ ಮಡಿಕೆ.

"ನಿರಿಗಿ ಟಮಾಟಿ ಅಂತೀವ್ರಿ. ಸೀರಿ ನಿರಿಗಿ ಹಿಡದ್ಹಂಗ ಅದಾವಲ್ಲ," ಎಂದ ರೈತ. ಹೊರಡುವಾಗ ಒಂದು ಹಣ್ಣು ಕೊಟ್ಟ. ಅದನ್ನು ಒರೆಸುವ ಬಟ್ಟೆಯಲ್ಲಿ ಸುತ್ತಿ ಪಾನಾ, ಸ್ಕ್ರೂಡ್ರೈವರ್ ಇಡುವ ಡಬ್ಬಿಯಲ್ಲಿ ಇಟ್ಟುಕೊಂಡು ಬಂದೆ.

ಬಾಡಿಗೆ ಮನೆಯ ಹಿತ್ತಿಲು ಮೂರು ಹೆಜ್ಜೆ ಅಗಲ. ಮೊದಲ ಸಲ ತಿರುಳನ್ನು ಪೇಪರಿಗೆ ಸವರಿ ಬಿಸಿಲಿಗೆ ಒಣಗಿಸಿದೆ. ಬೀಜ ಪೇಪರಿಗೆ ಅಂಟಿಬಿಟ್ಟಿತು. ಪುಣ್ಯಕ್ಕೆ ಅರ್ಧವನ್ನಷ್ಟೇ ಬಿತ್ತಿದ್ದೆ; ಎದ್ದ ನಾಲ್ಕಾರು ಸಸಿಗಳೂ ಬುಡ ಕೊಳೆತು ಮಲಗಿದವು. ಡಿಪೋದಲ್ಲಿ ಒಕ್ಕಲುತನದ ಮನೆಯ ಕಂಡಕ್ಟರ್ ಒಬ್ಬ ಇದ್ದ. ಅವನನ್ನು ಕೇಳಿದರೆ ನಕ್ಕ. "ಅದರ ಮ್ಯಾಲ ಲೋಳಿ ಇರತೈತ್ರಿ. ತಿರಳ ಸಮೇತ ವಾಟೇದಾಗ ಹಾಕಿ ಮೂರ ದಿನಾ ಕೊಳಸ್ರಿ. ಆಮ್ಯಾಲ ತೊಳೀರಿ. ತಳಕ್ಕ ಕುಂತದ್ದ ಬೀಜ, ತೇಲಿದ್ದ ಹೊಟ್ಟು."

ಉಳಿದರ್ಧವನ್ನು ನೆನೆಸಿ ಪೇಪರಿನಿಂದ ಬಿಡಿಸಿ, ಮುಂದಿನ ವರ್ಷ ಬಿತ್ತಿ ಹನ್ನೊಂದು ಗಿಡ ಮಾಡಿದೆ. ಅವು ಬಿಟ್ಟ ಹಣ್ಣಿನ ಬೀಜವನ್ನು ಅವನು ಹೇಳಿದ ಹಾಗೆಯೇ ಕೊಳೆಸಿ, ತೊಳೆದು, ನೆರಳಲ್ಲಿ ಒಣಗಿಸಿ, ಬೂದಿಯಲ್ಲಿ ಕಲಸಿ ಬಟ್ಟೆಯಲ್ಲಿ ಕಟ್ಟಿದೆ. ಇನ್ನಷ್ಟು ಬೀಜ ಸಿಕ್ಕೀತೆಂದು ಸುರೇಬಾನಕ್ಕೂ ಹೋಗಿಬಂದೆ. ಆ ಹೊಲದಲ್ಲಿ ಕಬ್ಬು ನಿಂತಿತ್ತು.

"ಅದನ್ನ ಯಾರ ಕೊಳ್ತಾರ್ರಿ ಮಿಸ್ತ್ರಿ? ಸಂತಿ ಮುಟ್ಟೂದ್ರಾಗ ಒಡದು ನೀರಾಗ್ತಿತ್ತು. ಕಿತ್ತೊಗದ್ವಿ," ಎಂದ ರೈತ.

"ಊರಾಗ ಬ್ಯಾರೆ ಯಾರ ಹತ್ರರ ಐತೇನ್ರಿ?"

"ನಿಮ್ಮ ಹತ್ರ ಐತಲ್ಲ!"

ಬಸ್ಸಿನಲ್ಲಿ ತಿರುಗಿ ಬರುವಾಗ ಅದೇ ಯೋಚನೆ. ಒಂದು ಗುಂಟೆ ಹೊಲವಿಲ್ಲದವನ ಹಿತ್ತಿಲಲ್ಲಿ ಹನ್ನೊಂದು ಗಿಡ, ಬಹುಶಃ ಬೇರೆಲ್ಲೂ ಇಲ್ಲ. ಇದನ್ನು ಕಳೆಯಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಹೆಂಡತಿಗೆ ವಾರಗಟ್ಟಲೆ ತಾಳುವ ಟಮಾಟಿ ಬೇಕಿತ್ತು. ಅವಳ ಮಾತಿಗೆ ಪಕ್ಕದಲ್ಲೇ ಪೇಟೆಯ ಹೈಬ್ರಿಡ್ ಸಸಿ ಹಚ್ಚಿದೆ. ಅದೇ ತಪ್ಪಾಯಿತು. ಮರುವರ್ಷ ನಿರಿಗಿಯ ಬೀಜದಿಂದ ಬಂದ ಗಿಡಗಳಲ್ಲಿ ಕೆಲವು ಮೊಟ್ಟೆಯಂಥ ನುಣ್ಣನೆಯ ಹಣ್ಣು ಬಿಟ್ಟವು. ಹೂವನ್ನು ಹತ್ತಿರದಿಂದ ನೋಡಿದಾಗ ತಿಳಿಯಿತು: ಬೇರೆ ಟಮಾಟಿಯ ಹೂವಿನ ನಡುವಿನ ಕಡ್ಡಿ ಒಳಗೇ ಅಡಗಿದ್ದರೆ, ಈ ನಿರಿಗಿಯದು ಹೊರಗೆ ಚಾಚಿಕೊಂಡಿತ್ತು. ಹುಳ ಬಂದು ಕೂತರೆ ಸಾಕು, ಪಕ್ಕದ ಪರಾಗ ಮೆತ್ತಿಕೊಳ್ಳುತ್ತಿತ್ತು.

ಬೆರಕೆ ಗಿಡಗಳನ್ನು ಕೀಳತೊಡಗಿದೆ. ಹೆಂಡತಿ ಓಡಿಬಂದಳು.

"ಹಣ್ಣ ಬಿಟ್ಟ ಗಿಡಾ ಕೀಳಾಕ ಹತ್ತೀರಲ್ಲ, ಕೈಯರ ಹೆಂಗ ಬರ್ತಾವ್ರಿ ನಿಮಗ?"

"ಇದನ್ನ ಬಿಟ್ರ ಅದು ಉಳಿಯಂಗಿಲ್ಲ."

"ಏನ್ ಉಳೀಬೇಕಾಗೇತಿ? ಒಂದ ಟಮಾಟಿ!"

ನಾನು ಕೀಳುತ್ತಲೇ ಹೋದೆ. ಅವಳು ಕಿತ್ತ ಗಿಡಗಳ ಹಣ್ಣನ್ನೆಲ್ಲ ಬಿಡಿಸಿಕೊಂಡು ಒಳಗೆ ಹೋದಳು. ಮುಂದೆ ಬೀಜಕ್ಕೆಂದು ಬಿಡುವ ಹೂಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟತೊಡಗಿದೆ. ಎಲ್ಲ ಹಣ್ಣೂ ನಿರಿಗಿ ಹಿಡಿದೇ ಬರಲು ಮೂರು ವರ್ಷ ಹಿಡಿಯಿತು.

ಬೀಜವನ್ನೆಲ್ಲ ಒಂದೇ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಬುದ್ಧನ ಫೋಟೋದ ಹಿಂದೆ ಗೂಡಿನಲ್ಲಿ ಇಡುತ್ತಿದ್ದೆ. ಎರಡು ಸಾವಿರದ ಮೂರರ ಸುಮಾರಿಗೆ ಒಂದು ಮಳೆಗಾಲದಲ್ಲಿ ಅಲ್ಲೇ ಮಾಳಿಗೆ ಸೋರಿತು. ತೆರೆದು ನೋಡುವಷ್ಟರಲ್ಲಿ ಬೀಜವೆಲ್ಲ ಬೂಷ್ಟು. ಇದ್ದದ್ದನ್ನೆಲ್ಲ ಬಿತ್ತಿದೆ, ಎಂಟು ಎದ್ದವು. ಹೂ ಬಿಡುವ ಹೊತ್ತಿಗೆ ಬಿಳಿ ನೊಣ ಬಂದು ಎಲೆ ಮುದುಡಿ ಏಳು ಹೋದವು. ಒಂದೇ ಒಂದು ಗಿಡ ಉಳಿಯಿತು. ಅದರಲ್ಲಿ ಹೂವಿದ್ದವು, ಗೋಲಿಯಷ್ಟು ಮೂರು ಕಾಯಿ ಇದ್ದವು. ಅಷ್ಟರಲ್ಲಿ ರಾಮದುರ್ಗಕ್ಕೆ ನನ್ನ ಬದಲಿಯ ಆರ್ಡರ್ ಬಂತು.

ಎರಡು ತಿಂಗಳು ತಡೆಯಿರಿ ಎಂದು ಸಾಹೇಬರನ್ನು ಕೇಳಿಕೊಂಡೆ. ಕಾರಣ ಹೇಳಿದಾಗ ಅವರು ಕನ್ನಡಕ ತೆಗೆದು ನೋಡಿದರು. "ಟಮಾಟಿ ಸಲುವಾಗಿ ಬದಲಿ ನಿಲ್ಲಸ್ರಿ ಅಂತ ಮ್ಯಾಲ ಹೆಂಗ ಬರೀಲಿ ನಾ?"

ಗಿಡವನ್ನು ಬುಡದ ಮಣ್ಣು ಸಮೇತ ಎತ್ತಿ ಎಣ್ಣೆ ಡಬ್ಬಿಗೆ ಇಳಿಸಿದೆ. ಮನೋಳಿ ಮೇಲೆ ಹೋಗುವ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂತೆ. ಪಕ್ಕದಲ್ಲಿ ಹೆಂಡತಿ, ಕಾಲಬಳಿ ಹಾಸಿಗೆ ಸುರುಳಿ. ಕಂಡಕ್ಟರ್ ಗುರುತಿನವನು. "ಇದಕ್ಕ ಅರ್ಧಾ ಟಿಕೀಟೋ, ಪೂರ್ತಿನೋ?" ಎಂದು ಬಸ್ಸಿನವರನ್ನೆಲ್ಲ ನಗಿಸಿದ. ನನಗೆ ನಗು ಬರಲಿಲ್ಲ. ತಗ್ಗು ಬಂದಲ್ಲೆಲ್ಲ ಗಿಡ ತಲೆ ಒಗೆಯುತ್ತಿತ್ತು.

ಮನೋಳಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಎದುರಿನ ಸೀಟಿನಲ್ಲಿ ಕೂತಳು. ಬಹಳ ಹೊತ್ತು ಗಿಡವನ್ನೇ ನೋಡಿದಳು.

"ಎಲ್ಲಿಗಿ ಒಯ್ಯಾಕ ಹತ್ತೀಯೋ ತಮ್ಮಾ ಇದನ್ನ?"

ಹೇಳಿದೆ. ಬೀಜ ಹೋದದ್ದು, ಗಿಡ ಸತ್ತದ್ದು, ಎಲ್ಲವನ್ನೂ. ಅವಳು ಮುಂದೆ ಬಾಗಿ ಎಲೆಯ ಸಂದಿಯಲ್ಲಿ ಎದ್ದಿದ್ದ ಚಿಗುರೊಂದನ್ನು ಬೆರಳಲ್ಲಿ ಮುಟ್ಟಿದಳು.

"ಒಂದ ಗಿಡದಾಗ ಎಲ್ಲಾ ಜೀವಾ ಇಟ್ಟರ ಹೆಂಗೋ? ಈ ಬಗಲಾಗಿನ ಚಿಗರ ಚೂಟಿ ಹಸಿ ಮಣ್ಣಾಗ ಊರು, ನೆಳ್ಳಾಗ ಇಡು. ಹತ್ತ ದಿನದಾಗ ಬೇರ ಬಿಡತಾವ."

"ಟಮಾಟಿ ಹಂಗ ಬರತೈತೇನಬೇ ಯವ್ವಾ?"

"ಬರದ ಏನ ಮಾಡತೈತಿ? ನೀ ಊರು."

ಒಂಬತ್ತು ವರ್ಷ ಬೆಳೆದಿದ್ದೆ, ಆ ಚಿಗುರುಗಳನ್ನು ಚೂಟಿ ಬಿಸಾಡುತ್ತಲೇ ಇದ್ದೆ.

ರಾಮದುರ್ಗದ ಮನೆಯಲ್ಲಿ ಸಾಮಾನು ಬಿಚ್ಚುವ ಮೊದಲೇ ಐದು ಚಿಗುರನ್ನು ಇನ್ನೊಂದು ಡಬ್ಬಿಯಲ್ಲಿ ಊರಿದೆ. ನಾನು ಡ್ಯೂಟಿಗೆ ಹೋದರೆ ಹೆಂಡತಿಯೇ ನೀರು ಚಿಮುಕಿಸಿ, ಬಿಸಿಲು ಸರಿದಂತೆ ಡಬ್ಬಿ ಸರಿಸುತ್ತಿದ್ದಳು. ನಾನು ಹೇಳಿರಲಿಲ್ಲ. ವಾರದೊಳಗೆ ತಾಯಿಗಿಡ ಸೊರಗಿತು, ಕಾಯಿ ಉದುರಿದವು, ಕಾಂಡ ಒಣಗಿತು. ಅವತ್ತು ನಾನು ಉಣ್ಣಲಿಲ್ಲ. ಹನ್ನೆರಡನೆಯ ದಿನ ಹೆಂಡತಿ ಬಾಗಿಲಲ್ಲೇ ಕೈಹಿಡಿದು ಒಳಗೆ ಎಳೆದಳು. "ಬರ್ರಿ ಇಲ್ಲಿ. ಹೊಸಾ ಎಲಿ ನೋಡ್ರಿ."

ನಾಲ್ಕು ಹಿಡಿದಿದ್ದವು. ಬೇಸಿಗೆ ಏರುವ ಮೊದಲು ಹಣ್ಣು ಕೊಟ್ಟವು, ಒಂದೊಂದೂ ನಿರಿಗಿ ಹಿಡಿದಂಥವು. ಒಂದನ್ನೂ ತಿನ್ನಲಿಲ್ಲ, ಎಲ್ಲವನ್ನೂ ಬೀಜ ಮಾಡಿದೆವು. ಮತ್ತೆ ಒಂದೇ ಡಬ್ಬಿಯಲ್ಲಿ ಇಡಲಿಲ್ಲ. ಒಂದು ಪಾಲು ಮನೆಯಲ್ಲಿ, ಒಂದು ಹೆಂಡತಿಯ ತವರಿನಲ್ಲಿ, ಇನ್ನೊಂದು ಡಿಪೋದ ನನ್ನ ಪೆಟ್ಟಿಗೆಯಲ್ಲಿ ಇಟ್ಟೆವು.

ಎರಡು ಸಾವಿರದ ಒಂಬತ್ತರಲ್ಲಿ ಊರ ಹೊರಗೆ ನಾಲ್ಕು ಗುಂಟೆ ಜಾಗ ಕೊಂಡೆವು. ನಮ್ಮ ಮನೆತನದ ಹೆಸರಿಗೆ ಬಂದ ಮೊದಲ ಮಣ್ಣು ಅದು. ಮೊದಲ ಬೆಳೆಯಲ್ಲಿ ಎಲ್ಲಿಂದಲೋ ಬೆರಕೆಯಾದ ಒಂದು ಗಿಡ ದುಂಡು ಕಾಯಿ ಬಿಟ್ಟಿತ್ತು. ನಾನು ನೋಡುವ ಮೊದಲೇ ಹೆಂಡತಿ ಅದನ್ನು ಬುಡಸಮೇತ ಕಿತ್ತು ಬದುವಿಗೆ ಒಗೆದು, ಕೈ ಝಾಡಿಸಿಕೊಂಡು ಮುಂದಿನ ಸಾಲಿಗೆ ಹೋದಳು.

ಈಗ ನಿರಿಗಿ ಒಂಬತ್ತು ಮನೆಗಳಲ್ಲಿ ಬೆಳೆಯುತ್ತಿದೆ. ಹನ್ನೊಂದು ಮನೆಗೆ ಕೊಟ್ಟಿದ್ದೆ. ಒಬ್ಬರದನ್ನು ಕೋಳಿ ಕೆದರಿದವು, ಇನ್ನೊಬ್ಬರು ಎಲ್ಲಿಟ್ಟರೋ ಮರೆತರು. ಮೊನ್ನೆ ಇಬ್ಬರೂ ಮುಖ ಸಣ್ಣದು ಮಾಡಿಕೊಂಡು ಮತ್ತೆ ಬಂದಿದ್ದರು. ಬೈಯಲಿಲ್ಲ. ಚಹಾ ಕೊಟ್ಟು ಕೂಡಿಸಿ, ಒಂದೊಂದು ಚಿಟಿಕೆ ಬೀಜ ಕಾಗದದಲ್ಲಿ ಕಟ್ಟಿ, ಬಿತ್ತಿದ ಮೇಲೆ ನಾನೇ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದೆ.