ಪಕ್ಕದ ಸೀಟಿನ ಯಜಮಾನರು

ನಮ್ಮ ಗಾಡಿ ಹತ್ತಿ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ನಮ್ಮ ಅಕ್ಕಪಕ್ಕದ ಎಲೆಗಳು ಖಾಲಿ ಉಳಿಯುತ್ತವೆ. ಎಷ್ಟು ತೊಳೆದರೂ ಅದರ ಕುರಿವಾಸನೆ ಹೋಗುವುದಿಲ್ಲ. ನನ್ನ ರೇಷ್ಮೆ ಸೀರೆಗೂ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ನೀರಿನ ಡ್ರಮ್ಮು, ಆಮೇಲೆ ಹಸಿಮೇವು, ಮಧ್ಯಾಹ್ನ ಈರುಳ್ಳಿ ಚೀಲ, ಸಂಜೆ ನಡೆಯಲಾರದ ಕುರಿಮರಿಗಳು. ಆದಿವಾಲದ ನಮ್ಮ ಹೊಲದಲ್ಲಿ ಆ ಪುಟ್ಟ ಗೂಡ್ಸ್ ಗಾಡಿಗೆ ಬಿಡುವೆಂಬುದೇ ಇಲ್ಲ. ದೇವರುಗಳಿಗೆ ನವಿಲು, ನಂದಿ, ಇಲಿ ಎಂದು ಎಷ್ಟೊಂದು ವಾಹನಗಳಿವೆ! ಆದರೆ ಯಾವ ದೇವರೂ ತನ್ನ ವಾಹನದ ಮೇಲೆ ಮೇವು ಹೇರಿದ್ದನ್ನು ನಾನು ಪಟದಲ್ಲಿ ಕಂಡಿಲ್ಲ. ಹೆಂಡತಿಗೆ ಲಗಾಮು ಕೊಟ್ಟು ತಾನು ಪಕ್ಕದಲ್ಲಿ ಕೂತಿದ್ದನ್ನಂತೂ ಕಂಡೇ ಇಲ್ಲ.

ನಮ್ಮಲ್ಲಿ ಹಾಗಾಯಿತು.

ಗಾಡಿ ತಂದವರು ನಮ್ಮ ಯಜಮಾನರು. ಅವರ ಅಪ್ಪ, ಅಜ್ಜ ಕುರಿಗಳ ಹಿಂದೆ ನಡೆದು ನಡೆದೇ ಸವೆದವರು. ಇವರೋ ಸ್ಟೇರಿಂಗ್ ಹಿಡಿದ ಮೊದಲ ದಿನವೇ ಮಾರಿಕಣಿವೆಯವರೆಗೆ ಸುಮ್ಮನೆ ಹೋಗಿಬಂದರು. "ನನಗಿಂತ ಅದರ ಮೇಲೇ ಪ್ರೀತಿ ನಿಮಗೆ" ಎಂದು ರೇಗಿಸಿದರೆ, "ಅದು ಎದುರು ಮಾತಾಡಲ್ಲ ನೋಡು" ಅನ್ನುವರು.

ಬರಬರುತ್ತಾ ಅವರು ಸಂಜೆಯಾದರೆ ಗಾಡಿ ಮುಟ್ಟದಾದರು. ಕತ್ತಲಲ್ಲಿ ಡೀಸೆಲ್ ಜಾಸ್ತಿ ಕುಡಿಯುತ್ತದೆ ಅಂದರು, ನಾನು ನಂಬಿದೆ. ದಾರಿಬದಿಯಲ್ಲಿ ನಿಂತವರನ್ನು ಮಾತನಾಡಿಸದೆ ಹೋಗತೊಡಗಿದಾಗ, ಗಾಡಿಯ ಜೊತೆಗೆ ಜಂಬವೂ ಬಂತು ಎಂದು ಊರವರು ಅಂದುಕೊಂಡರು.

ಒಂದು ಬೆಳಿಗ್ಗೆ ಮೇವು ಇಳಿಸಿ ಗಾಡಿ ಹಿಂದಕ್ಕೆ ತೆಗೆದರು. ಚಕ್ರದ ಹಿಂದೆ ಎಳೆಬಿಸಿಲಿಗೆ ಒಂದು ಮರಿ ಮಲಗಿತ್ತು. ನಾನು ಕೂಗುವಷ್ಟರಲ್ಲಿ ಆಗಿಹೋಗಿತ್ತು. ಅವರು ಇಳಿದು ಬಂದು, ಕುಕ್ಕರಗಾಲಲ್ಲಿ ಕೂತು, ಮರಿಗಾಗಿ ನೆಲವನ್ನು ತಡವತೊಡಗಿದರು. ಹಾಡುಹಗಲು. ಮರಿ ಅವರ ಮೊಣಕಾಲಿನ ಪಕ್ಕದಲ್ಲೇ ಇತ್ತು.

"ಯಾವಾಗ್ನಿಂದ ರೀ?" ಎಂದೆ.

"ಎರಡು ವರ್ಷ ಆತು. ಪಕ್ಕದಾಗೆ ಏನೂ ಕಾಣಲ್ಲ. ಮುಂದೆ ಒಂದೀಟು ಕಾಣ್ತೈತೆ."

ಮರಿಯನ್ನು ಮಡಿಲಿಗೆ ಎತ್ತಿಕೊಂಡರು. ಆಮೇಲೆ ಗಾಡಿಯ ಕೀಲಿ ತೆಗೆದು ನನ್ನ ಕೈಗಿಟ್ಟರು. "ತಗಾ. ನಾನು ಕೇಳಿದ್ರೂ ಕೊಡಬ್ಯಾಡ."

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತಾ ಬಂದಿದೆ, ಹೋದ ದೃಷ್ಟಿ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಸೀಟನ್ನು ನನಗೆ ಬಿಟ್ಟುಕೊಟ್ಟರು.

ಐವತ್ತು ದಾಟಿದ ನಾನು ಹೀಗೆ ಗಾಡಿ ಕಲಿತೆ. ಮೇಷ್ಟ್ರು ಅವರೇ. ಪಕ್ಕದಲ್ಲಿ ಕೂತು, ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತ, "ಲೇ, ಗೇರು ಹಾಕು, ಇಂಜಿನ್ನು ಒದರ್ತಾ ಐತೆ, ಕೇಳಲ್ವಾ?" ಎನ್ನುವರು. ನಾನು ಗಾಡಿ ಓಡಿಸಲು ಕಲಿಯುವ ಮೊದಲೇ ನಮ್ಮ ಕುರಿಗಳು ನನ್ನನ್ನು ಕಂಡರೆ ದಾರಿ ಬಿಡಲು ಕಲಿತವು. ಈಗ ಲೈಸೆನ್ಸೂ ಇದೆ. ಅದರಲ್ಲಿನ ನನ್ನ ಫೋಟೋ ನೋಡಿದರೆ ಯಾರೋ ನನ್ನನ್ನು ಗದರಿಸಿ ಕೂರಿಸಿದ ಹಾಗಿದೆ.

ಗಾಡಿ ತೊಳೆಯುವ ಕೆಲಸವನ್ನು ಮಾತ್ರ ಅವರು ಬಿಟ್ಟುಕೊಟ್ಟಿಲ್ಲ. ನಾನು ನೀರು ಹಾಕಬೇಕು, ಅವರು ಉಜ್ಜಬೇಕು. ಮೊನ್ನೆ ತಗಡಿನ ಮೇಲೆ ಕೈಯಾಡಿಸುತ್ತ ಬಂದವರು ಹಿಂದಿನ ಮೂಲೆಯಲ್ಲಿ ನಿಂತರು. ಅಂದು ಬೆಳಿಗ್ಗೆ ನಾನು ಆ ಮೂಲೆಯನ್ನು ನೀರಿನ ತೊಟ್ಟಿಗೆ ಗುದ್ದಿಸಿದ್ದೆ, ಅವರಿಗೆ ಹೇಳಿರಲಿಲ್ಲ.

"ಇದು ಹೊಸ ನೆಗ್ಗು. ಯಾತಕ್ಕೆ ಗುದ್ದಿದೆ?"

"ತೊಟ್ಟಿಗೆ."

ಬೈಯುತ್ತಾರೆಂದು ಕಾದೆ. ಅವರು ನೆಗ್ಗಿದ ಜಾಗವನ್ನು ಮೆಲ್ಲಗೆ ಸವರಿ, ಉಳಿದ ತಗಡಿನ ಉದ್ದಕ್ಕೂ ಕೈ ಎಳೆದುಕೊಂಡು ಹೋದರು.

"ಇರ್ಲಿ ಬಿಡು. ಇನ್ನೂ ಬೇಜಾನ್ ಜಾಗ ಐತೆ."

ನಗು ಬಂತು. ನಗುತ್ತಿದ್ದ ಹಾಗೇ ಕಣ್ಣೂ ತುಂಬಿತು. ಒರೆಸಿಕೊಳ್ಳಲಿಲ್ಲ, ಅವರಿಗೆಲ್ಲಿ ಕಾಣಬೇಕು ಎಂದುಕೊಂಡೆ.

"ಅತ್ತಿದ್ದು ಸಾಕು," ಎಂದರು ಅವರು, ನನ್ನತ್ತ ತಿರುಗದೆಯೇ. "ನೀರು ಹಾಕು."