ಸೊನ್ನೆಯಾಗದ ತುದಿ

ಪತ್ತಿಕೊಂಡದ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ, ಕಳೆದ ತಿಂಗಳು ಆದೋನಿಯ ನಮ್ಮ ಮನೆಗೆ ಬಂದಳು. ಕೈಯಲ್ಲಿ ನನ್ನ ಪಿಎಚ್.ಡಿ. ಥೀಸಿಸ್ಸಿನ ಜೆರಾಕ್ಸ್. ಸೋಮವಾರ ಅವಳು ತನ್ನ ಥೀಸಿಸ್ ಸಲ್ಲಿಸಬೇಕಿತ್ತು. ಅದರ ಮೂರನೇ ಅಧ್ಯಾಯ ನನ್ನ ಒಂದು ಸಾಲಿನ ಮೇಲೆ ನಿಂತಿತ್ತು.

“ಸಾರ್, ‘ಸುಲಭವಾಗಿ ತೋರಿಸಬಹುದು’ ಅಂತ ಬರದೀರಿ. ನಾಕು ದಿನ ಆತು, ನನಗ ಬರವಲ್ದು. ಯಾರಿಗೆ ಸುಲಭ, ಮೀಕಾ? ನಿಮಗಾ?”

ಸಾಲು ಇಷ್ಟೇ: ಶಂಕುವಿನಾಕಾರದ ಮೇಲ್ಮೈಯಲ್ಲಿ ಚಲಿಸುವ ಕಣದ ಶಕ್ತಿಯ ಆಪರೇಟರ್ ತಾನಾಗಿಯೇ ಸೆಲ್ಫ್-ಅಡ್ಜಾಯಿಂಟ್. ಹಾಗಿಲ್ಲದಿದ್ದರೆ ಕಣದ ಅಲೆ ಮುಂದೇನಾಗುತ್ತದೆಂದು ಸಮೀಕರಣವೊಂದೇ ಹೇಳಲಾರದು. ಶಂಕುವಿನ ತುದಿಯಲ್ಲಿ ಏನು ನಡೆಯಬೇಕೆಂದು ನಾವೇ ನಿಯಮ ಹಾಕಬೇಕಾಗುತ್ತದೆ.

“ಸಾಧಿಸೀನಿ,” ಎಂದೆ. ಮಾಧವರಂ ಬಸ್ಸಿನ ಕಿಟಕಿ ಪಕ್ಕ ಕೂತು, ನಮ್ಮ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದದ್ದು ನೆನಪಿತ್ತು. ಕೊನೆಗೆ ಬಂದ ಸೊನ್ನೆಗೆ ಎರಡು ಸಲ ಸುತ್ತು ಹಾಕಿದ್ದೂ. ಅದನ್ನೆಲ್ಲ ಅವಳಿಗೆ ಹೇಳಿದೆ. ಅಷ್ಟೊಂದು ಸ್ಪಷ್ಟವಾಗಿದ್ದದ್ದಕ್ಕೇ ನನಗೆ ಗುಮಾನಿ ಬರಬೇಕಿತ್ತು.

ಬಂದದ್ದು ಚಹಾ ತಂದ ಹೆಂಡತಿಗೆ. “ಯಾವ ಲಗ್ನಪತ್ರಿಕೆ ರೀ? ನಮ್ಮಪ್ಪ ಅದ್ರಾಗ ನಿಮ್ಮ ಹೆಸರಿನ ಮುಂದ ಡಾಕ್ಟರ್ ಅಂತ ಅಚ್ಚು ಹಾಕಿಸಿದ್ದ. ಮಂದಿ ಮಂಟಪಕ್ಕ ಬಂದು ನೋವು ಅಂತ ನಿಮಗ ಮೊಣಕಾಲು ತೋರಿಸಿದ್ರು. ಥೀಸಿಸ್ ಮುಗದು ವರ್ಷ ಆಗಿತ್ತು ಆಗ.”

ಹುಡುಗಿ ನಗು ತಡೆಯಲು ಲೋಟ ಬಾಯಿಗಿಟ್ಟಳು. ನನಗೆ ನಗು ಬರಲಿಲ್ಲ. ಹಾಗಾದರೆ ಆ ಬಸ್ಸು, ಆ ಪೆನ್ಸಿಲು? ನನ್ನ ಪರವಾಗಿ ನಾನೇ ಹುಟ್ಟಿಸಿಕೊಂಡ ಸಾಕ್ಷಿಗಳಿರಬೇಕು.

ನಾನೂ ಹುಡುಗಿಯೂ ಕೂತು ಲೆಕ್ಕ ಬಿಡಿಸಿದೆವು. ನಾನು ಹಚ್ಚಿದ್ದ ಪ್ರಮೇಯ ಎಲ್ಲಿಯೂ ತೂತಿಲ್ಲದ ಮೇಲ್ಮೈಗೆ ಮಾತ್ರ ಸಲ್ಲುವಂಥದ್ದು. ನಮ್ಮ ಶಂಕುವಿನಲ್ಲಿ ತುದಿಯನ್ನೇ ಬಿಟ್ಟಿದ್ದೆ, ತೂತು ಅಲ್ಲೇ. ತುದಿಯ ಹತ್ತಿರ ಒಂದು ಸ್ಥಿರಾಂಕ, ಒಂದು ಲಾಗರಿದಮ್ ಇಟ್ಟು ನೋಡಿದರೆ ನನ್ನ ಸಾಲು ಸರಿಯಿದ್ದಲ್ಲಿ ಸೊನ್ನೆ ಉಳಿಯಬೇಕಿತ್ತು. ಸೊನ್ನೆಯಲ್ಲ, ಒಂದು ಉಳಿಯಿತು. ಕೈತಪ್ಪೇನೋ ಎಂದು ಮತ್ತೆ ಮಾಡಿದೆವು. ಆಗಲೂ ಒಂದೇ.

“ಹಂಗಾರ ನನ್ನ ಅಧ್ಯಾಯ ಹೋತಾ ಸಾರ್?”

“ಹೋಗಂಗಿಲ್ಲ. ತುದಿಯ ನಿಯಮ ನೀನ ಒಂದು ಆರಿಸು, ಆರಿಸೀನಿ ಅಂತ ಬರಿ. ನನ್ನ ಸಾಲು ತಪ್ಪು ಅಂತಾನೂ ಬರಿ.”

“ನಾ ಹೆಂಗ ಬರೀಲಿ? ನಿಮ್ಮದನ್ನ ತಪ್ಪು ಅಂದ್ರ ಗೈಡು ನನ್ನ ನಂಬ್ತಾರಾ?”

ಆ ಜೆರಾಕ್ಸ್ ಎಳೆದುಕೊಂಡು ಸಾಲನ್ನು ಹೊಡೆದುಹಾಕಿದೆ. ಪಕ್ಕದಲ್ಲಿ ‘ಸಾಧಿಸಿಲ್ಲ, ತಪ್ಪು’ ಎಂದು ಬರೆದು ಸಹಿ ಮಾಡಿ, “ಇದನ್ನ ತೋರಿಸು,” ಎಂದೆ.

ಅವಳು ಸಹಿಯನ್ನೇ ಸ್ವಲ್ಪ ಹೊತ್ತು ನೋಡಿದಳು. “ನಾಕನೇ ಅಧ್ಯಾಯಕ್ಕೂ ನಿಮ್ಮದ ಒಂದು ಸೂತ್ರ ತಗೊಂಡೀನಿ ಸಾರ್. ಅದನ್ನ ನಂಬಲಾ?”

“ಬ್ಯಾಡ,” ಎಂದೆ. “ತೆಗಿ, ನೋಡೋಣು.”